ಮೂರು ತಿಂಗಳ ಗೈರುಹಾಜರಿ

“ಪುಸ್ತಕ ಮುಟ್ಟಬಹುದು, ಓದಬಹುದು. ಫೋಟೋ ಮಾತ್ರ ತೆಗೆಯೋ ಹಾಗಿಲ್ಲ,” ಎಂದರು ಅನಿಲ್ ಕುಮಾರ್.

ಚಾಮರಾಜಪೇಟೆಯ ಅಮೃತವಲ್ಲಿ ಟ್ರಸ್ಟ್ ಆಸ್ಪತ್ರೆಯ ದಾಖಲೆ ಕೋಣೆಗೆ ಅವರೇ ಮೇಲ್ವಿಚಾರಕರು. ಎರಡು ವರ್ಷದ ಹಿಂದಿನ ಇಂಟರ್ನ್‌ಗಳ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ತಾವು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತರು.

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಲಾವಣ್ಯಾಳ ಕಣ್ಣು ಪುಸ್ತಕಕ್ಕಿಂತ ಹೆಚ್ಚಾಗಿ ಆ ಮುಳ್ಳುಗಳ ಮೇಲೇ ಇತ್ತು. ಸಂಜೆ ನಾಲ್ಕಕ್ಕೆ ಮಲ್ಲೇಶ್ವರದ ದಾಖಲೆ ಪರಿಶೀಲನಾ ಕೇಂದ್ರ ಬಾಗಿಲು ಹಾಕುತ್ತದೆ. ಅಷ್ಟರೊಳಗೆ ರುಜುವಾತು ಸಿಗದಿದ್ದರೆ ಮಕ್ಕಳ ವಿಭಾಗದಲ್ಲಿ ಸಿಕ್ಕಿರುವ ಎಂ.ಡಿ. ಸೀಟು ಕೈತಪ್ಪಿದ ಹಾಗೇ.

ನಿನ್ನೆ ಅಲ್ಲಿನ ಅಧಿಕಾರಿ ಗದರಿಸಿರಲಿಲ್ಲ. ಮೆತ್ತಗೇ ಹೇಳಿದ್ದರು. “ಹೊರದೇಶದಲ್ಲಿ ಓದಿದವರು ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಿ, ಇಲ್ಲಿ ಪೂರ್ತಿ ಹನ್ನೆರಡು ತಿಂಗಳು ಇಂಟರ್ನ್‌ಶಿಪ್ ಮಾಡಿರ್ಬೇಕಮ್ಮ. ಆಗಲೇ ಸ್ಪೆಷಲಿಸ್ಟ್ ಕೋರ್ಸಿಗೆ ಅರ್ಹತೆ. ನೀವು ಮಾಡಿರೋದು ಒಂಬತ್ತೇ ತಿಂಗಳು ಅಂತ ಹೆಸರಿಲ್ಲದ ದೂರು ಬಂದಿದೆ. ಹಾಜರಿ ಪುಸ್ತಕದ ನಕಲೂ ಜೊತೆಗಿದೆ. ಸರ್ಟಿಫಿಕೇಟ್ ಸುಳ್ಳು ಅಂತಾದ್ರೆ ಸೀಟಷ್ಟೇ ಅಲ್ಲ, ನಿಮ್ಮ ರಿಜಿಸ್ಟ್ರೇಷನ್ನೂ ಹೋಗುತ್ತೆ.”

ಬಿಷ್ಕೆಕ್‌ನಲ್ಲಿ ಆರು ವರ್ಷ. ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲು, ನಾಲ್ಕನೆಯ ಸಲ ಪಾಸು. ಆಮೇಲೆ ಇದೇ ಆಸ್ಪತ್ರೆಯಲ್ಲಿ ಒಂದು ವರ್ಷ. ಹೋದ ವರ್ಷ ರ‍್ಯಾಂಕ್ ಸಾಲದೆ ಮತ್ತೆ ಓದಿ, ಈ ಸಲ ಗೆದ್ದಿದ್ದಳು. ಅಷ್ಟನ್ನೂ ಒಂದು ಹಾಳೆ ನುಂಗಿ ಕುಳಿತಿತ್ತು.

“ಲಾವಣ್ಯಾ, ನೀವೆಷ್ಟು ಜನ ಇಂಟರ್ನ್‌ಗಳಿದ್ರಿ?”

ಕೇಳಿದವರು ರಂಗನಾಯಕಿ. ಮೂವತ್ತೊಂದು ವರ್ಷ ಸರ್ಕಾರಿ ಅಪರಾಧ ಪ್ರಯೋಗಾಲಯದಲ್ಲಿ ಕಳ್ಳ ಸಹಿ, ತಿದ್ದಿದ ಉಯಿಲು, ನಕಲಿ ಕ್ರಯಪತ್ರಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಗಾಂಧಿ ಬಜಾರಿನಲ್ಲಿ ಲಾವಣ್ಯಾಳ ತಾಯಿ ಚಿಕ್ಕಮುನಿಯಮ್ಮನ ಹತ್ತಿರವೇ ಅವರು ತರಕಾರಿ ಕೊಳ್ಳುತ್ತಿದ್ದುದು. ನಿನ್ನೆ ಸಂಜೆ ಚಿಕ್ಕಮುನಿಯಮ್ಮ ತಕ್ಕಡಿ ಹಿಡಿದುಕೊಂಡೇ ಅತ್ತಾಗ, ಸೊಪ್ಪಿನ ಚೀಲವನ್ನು ಅಲ್ಲೇ ಬಿಟ್ಟು ಹುಡುಗಿಯನ್ನು ನೋಡಲು ಬಂದಿದ್ದರು.

“ಒಂಬತ್ತು ಜನ, ಮೇಡಂ.”

“ಎಲ್ರೂ ಒಂದೇ ಪೆನ್ನಲ್ಲಿ ಸಹಿ ಹಾಕ್ತಿದ್ರಾ?”

ಲಾವಣ್ಯಾ ಬಗ್ಗಿ ನೋಡಿದಳು. ಆಗಸ್ಟ್ ಒಂದರಿಂದ ಅಕ್ಟೋಬರ್ ಮೂವತ್ತೊಂದರವರೆಗೆ, ತೊಂಬತ್ತೆರಡು ದಿನ, ತನ್ನ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಅದರಾಚೆಗೆ ಅವಳಿಗೆ ಏನೂ ಕಾಣಲಿಲ್ಲ.

“ಜುಲೈ ತಿಂಗಳು ನೋಡು,” ಎಂದು ರಂಗನಾಯಕಿ ಪುಟ ಹಿಂದಕ್ಕೆ ತಿರುಗಿಸಿದರು. “ಒಬ್ಬರದು ಕಪ್ಪು, ಒಬ್ಬರದು ನೀಲಿ. ಇಲ್ಲೊಂದು ಪೆನ್ನು ಶಾಯಿ ಕಕ್ಕಿದೆ. ಇಲ್ಲೊಬ್ಳು ತಡವಾಗಿ ಓಡಿಬಂದು ಗೀಚಿದಾಳೆ. ನವೆಂಬರೂ ಹೀಗೇ ಇದೆ. ಮಧ್ಯದ ಮೂರು ತಿಂಗಳು ಮಾತ್ರ ಎಲ್ಲರ ಕೈಗೂ ಒಂದೇ ಪೆನ್ನು, ಒಂದೇ ಒತ್ತಡ. ಯಾರೋ ಕೂತ ಕಡೆಯೇ ಕೂತು ಬರೆದಿದಾರೆ ಕಣಮ್ಮ.”

ಲಾವಣ್ಯಾ ತಲೆಯೆತ್ತಿದಳು. “ಹಾಗಾದ್ರೆ ಇಷ್ಟು ಸಾಕಲ್ವಾ?”

“ನನಗೆ ಸಾಕು. ಅವರಿಗೆ ಸಾಲದು. ಇದು ಸುಳ್ಳು ಅಂತ ಹೇಳಬಹುದು. ನಿಜವಾದ್ದು ಎಲ್ಲಿ ಅಂತ ಕೇಳ್ತಾರಲ್ಲ?”

ಅವರು ಪುಸ್ತಕವನ್ನು ಅಗಲವಾಗಿ ಬಿಡಿಸಿ ಬೆನ್ನಿನ ಹೊಲಿಗೆ ನೋಡಿದರು. ಆ ಮೂರು ತಿಂಗಳ ಪುಟಗಳಿಗೆ ಮಾತ್ರ ಹೊಸ ದಾರ. ಆದರೆ ಗಂಟು ಹಾಕಿದ ರೀತಿ ಮೊದಲಿಂದ ಕೊನೆಯವರೆಗೂ ಒಂದೇ.

“ಒಳ್ಳೇ ಗಟ್ಟಿ ಹೊಲಿಗೆ ಸಾರ್. ಯಾರ ಕೈಕೆಲಸ?” ಎಂದು ಸಹಜವಾಗಿ ಕೇಳಿದರು.

ಇಷ್ಟೇನಾ ಎಂಬಂತೆ ಅನಿಲ್ ಕುಮಾರ್ ನಿರಾಳರಾದರು. “ನಮ್ಮ ಪುಸ್ತಕಗಳೆಲ್ಲ ಹಿಂದಿನ ರಸ್ತೆ ಸೊಣ್ಣಪ್ಪಂದೇ ಬೈಂಡಿಂಗು.” ಹೇಳಿದ ಮೇಲೆ ಅವರ ಮುಖ ಬಿಳಿಚಿತು. “ಅಲ್ಲ, ಅದ್ಯಾಕೆ ಕೇಳಿದ್ರಿ?”

ಅಷ್ಟರಲ್ಲಿ ರಂಗನಾಯಕಿ ಬಾಗಿಲು ದಾಟಿದ್ದರು.

* * *

ಸೊಣ್ಣಪ್ಪನ ಅಂಗಡಿ ಎಂದರೆ ಮನೆಯ ಮುಂದಿನ ಒಂದೇ ಕೋಣೆ. ಮೈದಾ ಅಂಟಿನ ವಾಸನೆ, ಮೂಲೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಸೂರಿನವರೆಗೆ ರಟ್ಟು.

“ನಂಗೇನೂ ಗೊತ್ತಿಲ್ಲ ತಾಯಿ,” ಎಂದ ಆತ, ಕೇಳುವ ಮುಂಚೆಯೇ.

“ನಾನಿನ್ನೂ ಏನೂ ಕೇಳ್ಲಿಲ್ವಲ್ಲಪ್ಪ.”

ಸೊಣ್ಣಪ್ಪ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ. ಮೂರು ಸಲ ಪ್ರಯತ್ನಿಸಿದರೂ ದಾರ ಸೂಜಿಗೆ ಹೋಗಲಿಲ್ಲ.

ಲಾವಣ್ಯಾಗೆ ತಡೆಯಲಾಗಲಿಲ್ಲ. ಆತನ ಎದುರು ನೆಲದ ಮೇಲೆ ಕೂತೇಬಿಟ್ಟಳು. “ಅಣ್ಣಾ, ಆಸ್ಪತ್ರೆ ಪುಸ್ತಕದಿಂದ ನೀವು ಬಿಚ್ಚಿದ ಹಾಳೇಲಿ ನನ್ನ ಸಹಿ ಇತ್ತು. ಅದಿಲ್ದಿದ್ರೆ ನಾನು ಡಾಕ್ಟ್ರೇ ಅಲ್ಲ ಅಂತಾರೆ. ನಮ್ಮಮ್ಮ ಗಾಂಧಿ ಬಜಾರಲ್ಲಿ ತರಕಾರಿ ಮಾರ್ತಾಳೆ. ಬೆಳಿಗ್ಗೆಯಿಂದ ನೀರೂ ಕುಡೀದೆ ಮಲ್ಲೇಶ್ವರದಲ್ಲಿ ನನ್ನ ಟೋಕನ್ ಹಿಡ್ಕೊಂಡು ಕೂತಿದಾಳೆ. ನಾಲ್ಕು ಗಂಟೆ ಒಳಗೆ ಬೇಕು ಅಣ್ಣಾ. ನಿಮ್ಮ ಕಾಲಿಗೆ ಬೀಳ್ತೀನಿ.”

“ಏಳವ್ವ, ಎದ್ದೇಳು. ಡಾಕ್ಟ್ರು ನೀನು, ಹಂಗೆಲ್ಲ ಮಾಡ್ಬಾರ್ದು.” ಸೊಣ್ಣಪ್ಪ ಸೂಜಿ ಕೆಳಗಿಟ್ಟ. ರಂಗನಾಯಕಿಯ ಕಡೆ ತಿರುಗಿದ. “ಆ ನವೆಂಬರಲ್ಲಿ ಡಾಕ್ಟ್ರಮ್ಮಾರೇ ಬಂದಿದ್ರು. ಬರೆದ ಹಾಳೇನೂ ಅವರೇ ತಂದಿದ್ರು. ಆ ಸ್ಟೂಲ್ ಮೇಲೆ ಕೂತು, ಹೊಲಿದು ಮುಗಿಸೋವರ್ಗೂ ಕದಲ್ಲಿಲ್ಲ. ಹಳೇದ್ನ ಸುಟ್ಟಾಕಿ ಅಂದ್ರು.”

“ಸುಟ್ರಾ?”

“ನಮ್ಮಪ್ಪನ ಕಾಲದಿಂದ ಈ ಕಸುಬು ಮಾಡ್ತಾ ಇದೀವಿ. ಬರೆದ ಕಾಗದಕ್ಕೆ ಬೆಂಕಿ ಇಟ್ಟೋರಲ್ಲ.”

ಒಳಗಿನಿಂದ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಬಂತು. ರಂಗನಾಯಕಿ ಬಿಚ್ಚಿದರು. ಅಂಚು ಹಳದಿಯಾದ ಹಾಳೆಗಳು, ಬಗೆಬಗೆಯ ಶಾಯಿ, ಬಗೆಬಗೆಯ ಕೈ. ಪ್ರತಿ ಪುಟದಲ್ಲೂ ಲಾವಣ್ಯಾ ಎಂ., ಹಾಜರು, ಹಾಜರು, ಹಾಜರು. ಅವಳ ಸಹಿಯ ಕೊನೆಯ ಗೆರೆ ಎಂದಿನಂತೆ ಮೇಲಕ್ಕೆ ಎಳೆದುಕೊಂಡಿತ್ತು.

ಲಾವಣ್ಯಾ ಬಾಯಿಗೆ ಕೈಯಿಟ್ಟು ಅತ್ತಳು. ಬದುಕಿದೆ ಅನ್ನಿಸಿತು.

ಸೆಪ್ಟೆಂಬರ್ ಹತ್ತೊಂಬತ್ತರ ಪುಟ ಬಂದಾಗ ಮಾತ್ರ ಅವಳ ಅಳು ನಿಂತಿತು.

“ಡಾಕ್ಟ್ರಮ್ಮ ಅಂದ್ರಲ್ಲ, ಯಾವ ಡಾಕ್ಟ್ರಮ್ಮ?” ಎಂದು ರಂಗನಾಯಕಿ ಕೇಳುತ್ತಿದ್ದರು.

“ಮಕ್ಕಳ ಡಾಕ್ಟ್ರು. ಮಹಾನಂದಮ್ಮ.”

* * *

ತ್ಯಾಗರಾಜನಗರಕ್ಕೆ ಹೊರಟ ಆಟೋದಲ್ಲಿ ಲಾವಣ್ಯಾ ಕಟ್ಟನ್ನು ಎದೆಗವಚಿಕೊಂಡು ಕೂತಿದ್ದಳು.

“ಹತ್ತೊಂಬತ್ತನೇ ತಾರೀಕು ಏನಾಯ್ತು?” ರಂಗನಾಯಕಿ ರಸ್ತೆ ನೋಡುತ್ತಲೇ ಕೇಳಿದರು. “ನಿನ್ನೆಯಿಂದ ಎಲ್ಲ ಹೇಳಿದೀಯ. ಅದೊಂದು ಬಿಟ್ಟು.”

ಲಾವಣ್ಯಾ ತುಟಿ ಕಚ್ಚಿದಳು. ಎರಡು ವರ್ಷದಿಂದ ಅಮ್ಮನಿಗೂ ಹೇಳದ್ದು ಅದು.

“ಒಂದು ಮಗು ತೀರ್ಕೊಂಡ್ತು ಮೇಡಂ. ಧೃತಿ ಅಂತ, ಐದು ವರ್ಷ. ಡೆಂಗಿ. ನಾನು ಮಧ್ಯಾಹ್ನದವರೆಗೂ ಹೊರರೋಗಿಗಳ ಕಡೆ ಇದ್ದೆ. ಒಂದೂ ಮುಕ್ಕಾಲಿಗೆ ವಾರ್ಡಿಗೆ ಕರೆದ್ರು. ಹೋಗೋಷ್ಟ್ರಲ್ಲಿ ಕೈಕಾಲು ತಣ್ಣಗಾಗಿತ್ತು, ನಾಡಿ ಸಿಕ್ತಿರ್ಲಿಲ್ಲ. ಮಹಾನಂದ ಮೇಡಂಗೆ ಮೂರು ಸಲ ಫೋನ್ ಮಾಡ್ದೆ. ಎತ್ತಲಿಲ್ಲ. ನನಗೆ ತಿಳಿದಷ್ಟು ಮಾಡ್ದೆ. ಆ ತಾಯಿಗೆ ‘ದೊಡ್ಡ ಡಾಕ್ಟ್ರು ಬರ್ತಿದಾರೆ’ ಅಂತ ಹೇಳ್ತಾನೇ ಇದ್ದೆ. ನಲವತ್ತು ನಿಮಿಷ.”

“ಆಮೇಲೆ?”

“ಸಂಜೆ ಮೇಡಂ ಕರೆದು, ನಿಂದೇನೂ ತಪ್ಪಿಲ್ಲ, ಯಾರ ಹತ್ರಾನೂ ಮಾತಾಡ್ಬೇಡ ಅಂದ್ರು. ನಾನು ಮಾತಾಡ್ಲಿಲ್ಲ.” ಅವಳ ದನಿ ಇಂಗಿತು. “ಹೊರಗೆ ಓದಿಬಂದೋಳು, ಅದಕ್ಕೇ ಮಗು ಹೋಯ್ತು ಅಂತಾರೆ ಅಂತ ಹೆದರಿದ್ದೆ. ನಂಗೇ ಒಂದೊಂದು ಸಲ ಹಾಗನ್ಸುತ್ತೆ.”

ರಂಗನಾಯಕಿ ಅವಳ ಮೊಣಕೈ ಹಿಡಿದುಕೊಂಡು ಕೂತರು.

* * *

ಡಾ. ಮಹಾನಂದ ಅವರೇ ಬಾಗಿಲು ತೆರೆದರು. ಲಾವಣ್ಯಾಳನ್ನು ಕಂಡು ಮುಖ ಅರಳಿತು. ಅವಳ ಕೈಯಲ್ಲಿದ್ದ ಕಟ್ಟನ್ನು ಕಂಡು ಆ ನಗು ಹಾಗೇ ನಿಂತುಬಿಟ್ಟಿತು.

ಒಳಗೆ ಕೂತ ಮೇಲೆ ಲಾವಣ್ಯಾ ಪೀಠಿಕೆ ಹಾಕದೆ ದೂರಿನ ವಿಷಯ, ನಾಲ್ಕು ಗಂಟೆಯ ಗಡುವು ಹೇಳಿದಳು.

“ಹೌದು, ನಾನೇ ಬದಲಾಯಿಸಿದ್ದು,” ಎಂದರು ಮಹಾನಂದ. “ನಿನ್ನ ಉಳಿಸೋಕೆ, ಲಾವಣ್ಯಾ. ಆ ಮಗುವಿನ ಮನೆಯವರು ಗ್ರಾಹಕ ನ್ಯಾಯಾಲಯಕ್ಕೆ ಹೋದ್ರು. ಕಲಿಯೋ ಹುಡುಗಿ ಒಬ್ಳೇ ಮಗು ನೋಡ್ಕೊಂಡ್ಳು ಅಂತಾದ್ರೆ ನಿನ್ನ ಗತಿ ಏನಾಗ್ತಿತ್ತು? ನೀನು ಆಗ ಇರ್ಲೇ ಇಲ್ಲ ಅಂತ ಮಾಡ್ದೆ. ಸರ್ಟಿಫಿಕೇಟು ಪೂರ್ತಿ ವರ್ಷಕ್ಕೆ ಕೊಡಿಸ್ದೆ. ಯಾರೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?”

ಲಾವಣ್ಯಾ ಅವರನ್ನೇ ನೋಡಿದಳು. ಬಿಷ್ಕೆಕ್‌ನಲ್ಲಿ ಓದಿದವಳೆಂದು ಉಳಿದವರೆಲ್ಲ ದೂರವಿಟ್ಟಾಗ, ಸ್ಟೆತಸ್ಕೋಪ್ ಹಿಡಿದ ಅವಳ ಕೈ ಮೇಲೆ ಕೈಯಿಟ್ಟು ಕೂಸುಗಳ ಎದೆಬಡಿತ ಕೇಳಿಸಿದ್ದ ಹೆಂಗಸು ಇದೇ. ಮಕ್ಕಳ ವಿಭಾಗವನ್ನೇ ತಗೋ ಎಂದವರೂ ಇವರೇ.

“ಒಂದು ದಿನ ಮುಚ್ಚೋದಕ್ಕೆ ತೊಂಬತ್ತೆರಡು ದಿನ ಯಾಕೆ ಅಳಿಸಿದ್ರಿ?” ರಂಗನಾಯಕಿ ಕೇಳಿದರು.

“ಒಂದೇ ದಿನ ಗೈರು ಅಂದ್ರೆ ಅನುಮಾನ ಬರುತ್ತೆ.”

“ಒಂದು ವಾರ ಸಾಕಿತ್ತು. ಹೋಗ್ಲಿ ಬಿಡಿ. ಆವತ್ತು ಮಧ್ಯಾಹ್ನ ನೀವೆಲ್ಲಿದ್ರಿ?”

“ಮೈಸೂರಲ್ಲಿ. ವೈದ್ಯರ ಸಭೆ ಇತ್ತು. ಬೆಳಗಿನ ಜಾವವೇ ಹೊರಟಿದ್ದೆ.”

ರಂಗನಾಯಕಿ ಸೆಪ್ಟೆಂಬರ್ ಹತ್ತೊಂಬತ್ತರ ಹಾಳೆಯನ್ನು ಟೀಪಾಯಿಯ ಮೇಲೆ ಹರಡಿದರು. ಇಂಟರ್ನ್‌ಗಳ ಸಹಿಗಳ ಕೆಳಗೆ, ಹಿರಿಯ ವೈದ್ಯರು ಬಂದ ಹೊತ್ತು, ಹೋದ ಹೊತ್ತು ಬರೆಯುವ ಎರಡು ಚೌಕಗಳಿದ್ದವು. ಮೊದಲನೆಯದರಲ್ಲಿ ‘ಬೆಳಿಗ್ಗೆ 9.10’ ಎಂದಿತ್ತು. ಪಕ್ಕದಲ್ಲಿ ಮಹಾನಂದ ಅವರ ಸಹಿ.

“ಹೋದ ಹೊತ್ತು ಮಧ್ಯಾಹ್ನ ಮೂರೂವರೆ. ನಿಮ್ಮ ಕೈಬರಹವೇ.”

ಮಹಾನಂದ ಹಾಳೆಯನ್ನು ನೋಡಲಿಲ್ಲ. ಕಿಟಕಿಯ ಕಡೆ ನೋಡಿದರು.

“ಅಲ್ಲೇ ಇದ್ರಾ?” ಲಾವಣ್ಯಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಅದೇ ಕಟ್ಟಡದಲ್ಲಿ ಇದ್ದು ಫೋನ್ ಎತ್ತಲಿಲ್ವಾ? ಮೇಡಂ, ಆ ಮಗು ನನ್ನ ಬೆರಳು ಹಿಡ್ಕೊಂಡಿತ್ತು. ಎರಡು ವರ್ಷದಿಂದ ನಾನೇ ಕೊಂದೆ ಅಂತ ತಿಳ್ಕೊಂಡಿದೀನಿ!”

“ಅದೊಂದು ಕೇಳ್ಬೇಡ.”

“ಯಾಕೆ ಬರ್ಲಿಲ್ಲ?”

“ಕೇಳ್ಬೇಡ ಅಂದೆ!” ಮಹಾನಂದ ಎದ್ದು ನಿಂತರು. “ತಗೊಂಡು ಹೋಗು. ಕೊಡು ಅವರಿಗೆ. ನಾಲ್ಕು ಗಂಟೆಗೆ ನಿನ್ನ ಅರ್ಹತೆ ವಾಪಸ್ ಬರುತ್ತೆ. ನಾಲ್ಕೂ ಐದಕ್ಕೆ, ಮಗು ಸತ್ತ ದಿನ ಡ್ಯೂಟಿಯಲ್ಲಿದ್ದ ಡಾಕ್ಟ್ರು ಯಾರು ಅನ್ನೋದೂ ಎಲ್ಲರಿಗೂ ಗೊತ್ತಾಗುತ್ತೆ. ಕಾನೂನು ಮೊದ್ಲು ಹಿಡಿಯೋದು ನನ್ನನ್ನಲ್ಲ, ನಿನ್ನನ್ನ. ಯೋಚನೆ ಮಾಡು.”

* * *

ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿದಾಗ ಎರಡೂ ಐವತ್ತು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದರು. ಕಟ್ಟಿಗೆ ಯಾರ ಮೈಯೂ ತಗುಲದಂತೆ ಲಾವಣ್ಯಾ ಮೂಲೆಗೆ ಒತ್ತಿಕೊಂಡು ನಿಂತಳು.

“ಕೊಡದೇನೂ ಇರಬಹುದು,” ಎಂದರು ರಂಗನಾಯಕಿ. “ಸೀಟು ಬೇಡ ಅಂದ್ಬಿಟ್ರೆ ಈ ಹಾಳೆ ಯಾರ ಕಣ್ಣಿಗೂ ಬೀಳಲ್ಲ. ನಾನೂ ಬಾಯಿ ಬಿಡಲ್ಲ. ನಿರ್ಧಾರ ನಿಂದು.”

ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಇಬ್ಬರೂ ಆಟೋಗೆ ಕೈ ತೋರಿಸಿ ತೋರಿಸಿ ಸಾಕಾದ ಮೇಲೆ, ಕೊನೆಗೆ ಒಬ್ಬ ಡ್ರೈವರ್ ಒಪ್ಪಿದ.

ಪರಿಶೀಲನಾ ಕೇಂದ್ರದ ಬಾಗಿಲಲ್ಲೇ ಚಿಕ್ಕಮುನಿಯಮ್ಮ ನಿಂತಿದ್ದಳು. ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು.

“ಬಂದ್ಯಾ ಮಗಾ? ಎರಡು ಸಲ ಕೂಗುದ್ರು. ಬತ್ತಾವ್ಳೆ, ಬತ್ತಾವ್ಳೆ ಅಂತ ಆ ಸಾಹೇಬ್ರಿಗೆ ಕೈ ಮುಕ್ಕೊಂಡು ನಿಲ್ಸಿವ್ನಿ. ಸಿಕ್ತಾ?”

ತಾಯಿಯ ಒಣಗಿದ ತುಟಿಯನ್ನು ಲಾವಣ್ಯಾ ನೋಡಿದಳು. ಅಷ್ಟೇ ಸ್ಪಷ್ಟವಾಗಿ ಇನ್ನೊಬ್ಬ ತಾಯಿಯ ಮುಖವೂ ಕಣ್ಣೆದುರಿಗೆ ಬಂತು. ದೊಡ್ಡ ಡಾಕ್ಟ್ರು ಬರ್ತಿದಾರೆ ಎಂದಾಗಲೆಲ್ಲ ಬಾಗಿಲಿನ ಕಡೆ ತಿರುಗುತ್ತಿದ್ದ ಮುಖ.

“ಸಿಕ್ತಮ್ಮ,” ಎಂದು ನೇರ ಕೌಂಟರಿಗೆ ಹೋದಳು.

ಅಧಿಕಾರಿ ಒಂದೊಂದೇ ಹಾಳೆ ತಿರುವಿದರು. ರಂಗನಾಯಕಿ ಮೆಟ್ರೋದಲ್ಲೇ ಬರೆದಿದ್ದ ಎರಡು ಪುಟದ ಅಭಿಪ್ರಾಯವನ್ನೂ ಓದಿದರು. ಆಮೇಲೆ ಕನ್ನಡಕ ತೆಗೆದರು.

“ಇವು ಅಸಲಿ ಅಂತ ನನಗೂ ಕಾಣುತ್ತೆ. ಆದ್ರೆ ಒಂದು ಸಲ ತಗೊಂಡ್ರೆ ವಾಪಸ್ ಕೊಡೋ ಹಾಗಿಲ್ಲಮ್ಮ. ಪುಸ್ತಕ ತಿದ್ದಿದಾರೆ ಅಂದ್ಮೇಲೆ ಪೊಲೀಸರಿಗೂ ಹೋಗುತ್ತೆ. ಈ ಎಲ್ಲ ದಿನಗಳೂ ನೀವು ಡ್ಯೂಟಿಯಲ್ಲಿದ್ರಿ ಅಂತ ಬರೆದು ಸಹಿ ಹಾಕ್ತೀರಾ?”

“ಹಾಕ್ತೀನಿ ಸರ್.”

ಪೂರ್ತಿ ಬರೆದಳು. ಹತ್ತೊಂಬತ್ತನೇ ತಾರೀಕನ್ನು ಬೇರೆಯಾಗಿ, ಹೊತ್ತಿನ ಸಮೇತ ಬರೆದಳು. ಅಧಿಕಾರಿ ಮೊಹರು ಒತ್ತಿದಾಗ ಮೂರೂ ಐವತ್ತೆರಡು.

“ಕೂತಿರಿ. ಮೇಲಿನವರನ್ನ ಕೇಳಿ ಹೇಳ್ತೀನಿ,” ಎಂದು ಹಾಳೆಗಳನ್ನು ಒಳಗೆ ಒಯ್ದರು.

ಲಾವಣ್ಯಾ ತಿರುಗಿದಾಗ ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸು. ಕೂದಲು ಅಲ್ಲಲ್ಲಿ ನೆರೆತಿತ್ತು. ಆ ಮುಖವನ್ನು ಲಾವಣ್ಯಾ ಮರೆತಿರಲಿಲ್ಲ.

“ಯಶಶ್ರೀ. ಧೃತಿ ಅಮ್ಮ,” ಎಂದಳು ಆಕೆ. “ದೂರು ಕೊಟ್ಟೋಳು ನಾನೇ.”

ಚಿಕ್ಕಮುನಿಯಮ್ಮ ಮುಂದಕ್ಕೆ ನುಗ್ಗಿದಳು. ರಂಗನಾಯಕಿ ತಡೆದರು.

“ನಿಮ್ಮ ಮೇಲೆ ದ್ವೇಷಕ್ಕಲ್ಲ ಡಾಕ್ಟ್ರೇ. ಲಾವಣ್ಯಾ ಅನ್ನೋ ಡಾಕ್ಟ್ರು ಆವತ್ತು ಇರ್ಲೇ ಇಲ್ಲ ಅಂತ ಆಸ್ಪತ್ರೆಯೋರು ಕೋರ್ಟಿಗೆ ಪುಸ್ತಕದ ನಕಲು ಕೊಟ್ರು. ನನ್ನ ಮಗಳನ್ನ ಎತ್ಕೊಂಡು ಅತ್ತೋರ ಮುಖ ನಾನು ಮರೀತೀನಾ? ನಿಮ್ಮನ್ನ ಹುಡುಕಿದೆ. ಸಿಗ್ಲಿಲ್ಲ. ಸೀಟು ಸಿಕ್ಕಿದೋರ ಪಟ್ಟೀಲಿ ಹೆಸರು ನೋಡ್ದೆ. ಅರ್ಹತೆ ಹೋಗುತ್ತೆ ಅಂದ್ರೆ, ಇದ್ದೆ ಅನ್ನೋದಕ್ಕೆ ನೀವೇ ಸಾಕ್ಷಿ ತರ್ತೀರ ಅಂತ ಗೊತ್ತಿತ್ತು. ಅದಕ್ಕೇ ನಿನ್ನೆಯಿಂದ ಇಲ್ಲೇ ಕಾಯ್ತಿದೀನಿ. ನನಗೆ ಬೇರೆ ದಾರಿ ಇರ್ಲಿಲ್ಲ. ಕ್ಷಮಿಸಿ.”

ಲಾವಣ್ಯಾ ಕೈಮುಗಿದಳು. “ನಾನೇ ಎರಡು ವರ್ಷದ ಹಿಂದೆ ನಿಮ್ಮ ಹತ್ರ ಬರ್ಬೇಕಿತ್ತು.”

“ಹಾಗಾದ್ರೆ ಒಂದು ಹೇಳಿ.” ಯಶಶ್ರೀ ಕೈಚೀಲದಿಂದ ಮೂರು ಕಾಗದ ತೆಗೆದಳು. “ಇದು ಧೃತಿ ಕೇಸ್ ಶೀಟು. ಇವೆರಡು ಆ ಆಗಸ್ಟು, ಅಕ್ಟೋಬರಲ್ಲಿ ಅದೇ ವಾರ್ಡಿನಲ್ಲಿದ್ದ ಮಕ್ಕಳದ್ದು. ಅವರೂ ಮನೆಗೆ ಬರ್ಲಿಲ್ಲ. ಮೂರರಲ್ಲೂ ಇಂಜೆಕ್ಷನ್ ಬರೆದಿರೋದು ನೀವು.”

ಲಾವಣ್ಯಾ ಓದಿದಳು. ಸೆಪ್ಟೆಂಬರ್ ಹತ್ತೊಂಬತ್ತು, ಬೆಳಿಗ್ಗೆ ಹತ್ತೂವರೆ. ಕೆಳಗೆ, ಡಾ. ಲಾವಣ್ಯಾ ಎಂ. ಆ ಹೊತ್ತಿಗೆ ಅವಳು ಹೊರರೋಗಿಗಳ ಕಡೆ ಇದ್ದಳು. ಇನ್ನಿಬ್ಬರು ಮಕ್ಕಳನ್ನು ಕಂಡೇ ಇರಲಿಲ್ಲ.

“ಹೆಸರು ನಂದು. ಸಹಿ ನಂದಲ್ಲ.”

ರಂಗನಾಯಕಿ ಕಾಗದಗಳನ್ನು ಕಿತ್ತುಕೊಂಡಂತೆ ತೆಗೆದುಕೊಂಡರು. “ಅದಕ್ಕೇ ತೊಂಬತ್ತೆರಡು ದಿನ,” ಎಂದರು ಮೆಲ್ಲಗೆ. “ನಿನ್ನನ್ನ ಉಳಿಸೋಕಲ್ಲ ಕಣೇ. ಯಾರೂ ನಿನ್ನ ಕರೆದು, ಇದು ನಿನ್ನ ಸಹಿನಾ ಅಂತ ಕೇಳಬಾರದು ಅಂತ. ನಿನ್ನ ಹೆಸರಲ್ಲಿ ಬೇರೆ ಯಾರೋ ಆ ಮಕ್ಕಳಿಗೆ ಔಷಧಿ ಕೊಟ್ಟಿದಾರೆ.”

ಅವಳು ಸ್ವಂತ ಕೈಯಾರೆ ಬರೆದುಕೊಟ್ಟ ಕಾಗದ ಈಗ ಗಾಜಿನಾಚೆ ಇತ್ತು. ಈ ಎಲ್ಲ ದಿನಗಳೂ ಡ್ಯೂಟಿಯಲ್ಲಿದ್ದೆ ಎಂದು. ಇನ್ನು ಆ ಮೂರು ಸಹಿಗಳೂ ಅವಳವೇ ಆಗಿಬಿಡುತ್ತವೆ.

“ಸರ್!” ಎಂದು ಲಾವಣ್ಯಾ ಕೌಂಟರಿನ ಗಾಜು ಬಡಿದಳು. ಒಳಗೆ ಯಾರೂ ಇರಲಿಲ್ಲ.

ಪಕ್ಕದ ಕೌಂಟರಿನ ಧ್ವನಿವರ್ಧಕ ಕರೆಯಿತು: “ಮಕ್ಕಳ ವಿಭಾಗ, ಮುಂದಿನ ಅಭ್ಯರ್ಥಿ, ಡಾಕ್ಟರ್ ನಿಶಾಂತ್.”

ಹಿಂದಿನ ಸಾಲಿನಿಂದ ಬಿಳಿ ಅಂಗಿಯ ಯುವಕನೊಬ್ಬ ಎದ್ದ. ಲಾವಣ್ಯಾಗೆ ಗುರುತು ಹತ್ತಿತು. ಮಹಾನಂದ ಮೇಡಂ ಅವರ ಮಗ. ಅವನೂ ಹೊರದೇಶದಲ್ಲಿ ಓದಿದವನು. ಅವಳು ಪಾಸಾದ ಸಲವೇ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದವನು. ಅವಳು ಇಂಟರ್ನ್ ಆಗಿದ್ದ ಆ ಮೂರು ತಿಂಗಳು ಅವನಿಗೆ ಒಬ್ಬ ರೋಗಿಯನ್ನೂ ಮುಟ್ಟುವ ಹಕ್ಕಿರಲಿಲ್ಲ.

ಯಶಶ್ರೀಯ ಬೆರಳುಗಳು ಲಾವಣ್ಯಾಳ ಮಣಿಕಟ್ಟನ್ನು ಅಮುಕಿದವು.

“ಅವನೇ,” ಎಂದಳು. “ಆವತ್ತು ಬೆಳಿಗ್ಗೆ ನನ್ನ ಮಗಳಿಗೆ ಇಂಜೆಕ್ಷನ್ ಚುಚ್ಚಿದ್ದು ಅವನೇ.”

ನಿಶಾಂತ್ ತಿರುಗಿ ನೋಡಿದ. ಅವನ ಕಿವಿಯಲ್ಲಿ ಫೋನಿತ್ತು. “ಹ್ಞೂಂ ಅಮ್ಮಾ, ಇಲ್ಲೇ ಇದಾಳೆ,” ಎಂದ, ಲಾವಣ್ಯಾಳ ಮೇಲಿಂದ ಕಣ್ಣು ತೆಗೆಯದೆ.